ಹಳೆಯ ಆಟಿಗೆಯ ಉಗಿಬಂಡಿ: ಅದರ ದುರಸ್ತಿ ಮತ್ತು ಆರೈಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಪಟ್ಟಣಗಳಿಂದ ರೇಲ್ವೆ ಹಳಿ ತುಸು ದೂರವೇ ಉಳಿದಿದೆ. ಆದರೂ ಉಗಿಬಂಡಿಯೆಂಬುದು ಈ ಭಾಗದ ಜನರಿಗೆ ಪರಕೀಯವಾದ ವಸ್ತುವಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಲೋಂಡಾದಿಂದ ಬೆಳಗಾವಿಯ ಮೇಲೆ ಹಾಯ್ದು ಮೀರಜದವರೆಗೆ ಹಾಕಿದ ಮಾರ್ಗವು ಪಾಶ್ಚಾಪುರ, ಗೋಕಾಕ ರೋಡ, ಘಟಪ್ರಭಾ ನಿಲ್ದಾಣಗಳನ್ನು ಮುಟ್ಟಿಕೊಂಡೇ ಮುಂದಕ್ಕೆ ಹೋಗುತ್ತದೆ. ಅದು ಮೀಟರ್ ಗೇಜಿನ ಮಾರ್ಗವಾಗಿತ್ತು. ಎಂದರೆ ಎರಡು ಹಳಿಗಳ ನಡುವಿನ ಅಂತರ ಸರಿಯಾಗಿ 1 ಮೀಟರು. ನೂರು ವರ್ಷ ಹಾಗೆಯೇ ನಡೆದು, 1990ರ ದಶಕದಲ್ಲಿ ಅದು 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಬದಲಾಯಿತು. ಅಷ್ಟರಲ್ಲಿ ಕಲ್ಲಿದ್ದಲ ಎಂಜಿನುಗಳ ಕಾಲವೂ ಮುಗಿಯುತ್ತ ಬಂದಿತ್ತು. ನಮ್ಮ ದೇಶದ ರೇಲ್ವೆಗಾಗಿ ಉಗಿ ಎಂಜಿನುಗಳನ್ನು ಕಟ್ಟುವುದು 1972ರಲ್ಲಿಯೇ ನಿಂತಿತು. ಇಂದಿನ ಮಕ್ಕಳಿಗೆ ಅಂಥ ಎಂಜಿನನ್ನು ತೋರಿಸಬೇಕಾದರೆ 1979ರಲ್ಲಿ ತೆರೆದ ಮೈಸೂರಿನ ರೇಲ್ವೆ ವಸ್ತುಸಂಗ್ರಹಾಲಯಕ್ಕೋ, 2020ರಲ್ಲಿ ತೆರೆದ ಹುಬ್ಬಳ್ಳಿಯ ರೇಲ್ವೆ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯಬೇಕು.

ಆದರೆ ಕೆಲವು ಮನೆಗಳಲ್ಲಿ ಇನ್ನೊಂದು ಬಗೆಯ ಉಗಿಬಂಡಿ ಉಳಿದಿರುತ್ತದೆ. ಅಜ್ಜನೋ, ಪರದೇಶಕ್ಕೆ ಹೋಗಿದ್ದ ಕಾಕಾನೋ ಮುಂಬಯಿಯಿಂದಲೋ ವಿಲಾಯತಿಯಿಂದಲೋ ತಂದ ಆಟಿಗೆಯ ಎಂಜಿನು ಟ್ರಂಕಿನ ತಳದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಿದ್ದಿರುತ್ತದೆ. ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಅದು ಹೊರಬರುತ್ತದೆ. ಮುಂದೆ ಅದರ ಗತಿ ಮೂರು ಬಗೆ. ಒಂದು, ಕೂಸಿನ ಕೈಗೆ ಕೊಟ್ಟು ಒಂದೇ ದಿನದಲ್ಲಿ ಮುರಿದುಹೋಗುವುದು. ಎರಡು, ಮೋಡಕಾ ಸಾಮಾನಿನವನ ತಕ್ಕಡಿಗೆ ಬೀಳುವುದು. ಮೂರು, ಉತ್ಸಾಹಿಯೊಬ್ಬರು ಅದನ್ನು ಬಿಚ್ಚಿ, ಎಣ್ಣೆ ಸುರಿದು, ಹೊಸ ಬಣ್ಣ ಬಳಿದು ದುರಸ್ತಿ ಮಾಡಿದೆವೆಂದುಕೊಳ್ಳುವುದು. ಈ ಮೂರರಲ್ಲಿ ಮೂರನೆಯದೇ ಹೆಚ್ಚು ಅನ್ಯಾಯದ್ದು. ಏಕೆಂದರೆ ಇಂಥ ಎಂಜಿನುಗಳಲ್ಲಿ ಬಹುಪಾಲು ನಿಜವಾಗಿ ಕೆಟ್ಟಿರುವುದಿಲ್ಲ. ಎಣ್ಣೆ ಗಟ್ಟಿಯಾಗಿ, ಧೂಳು ಕೂತು ನಿಂತಿರುತ್ತವೆ, ಅಷ್ಟೆ. ತಾಳ್ಮೆಯಿಂದ ತೊಡಗಿದರೆ ಅರ್ಧ ದಿನದ ಕೆಲಸ. ಅವಸರದಿಂದ ತೊಡಗಿದರೆ ಮತ್ತೆ ಸಿಗಲಾರದ ವಸ್ತುವಿನ ನಾಶ.

ಯಾವ ಜಾತಿಯ ಎಂಜಿನು?

ಕೈ ಹಚ್ಚುವ ಮುನ್ನ ಎಂಜಿನಿನ ಗುರುತು ತಿಳಿದುಕೊಳ್ಳಬೇಕು. ಅದಕ್ಕೆ ಮೊದಲನೆಯ ಸಾಧನ ಶಾಲೆಯ ಮಕ್ಕಳ ಅಳತೆಪಟ್ಟಿ. ಹಳಿಗಳ ಒಳಮೈಯಿಂದ ಒಳಮೈಗೆ ಅಳೆದಾಗ 32 ಮಿಲಿಮೀಟರು ಬಂದರೆ ಅದು ‘ಓ’ ಗೇಜಿನದು. ಹಳೆಯ ತಗಡಿನ ಬಂಡಿಗಳಲ್ಲಿ ಬಹಳಷ್ಟು ಈ ಅಳತೆಯವು. 16.5 ಮಿಲಿಮೀಟರು ಇದ್ದರೆ ‘ಎಚ್‌ಓ’ ಅಥವಾ ‘ಡಬಲ್ ಓ’. 12 ಮಿಲಿಮೀಟರಿನ, 9 ಮಿಲಿಮೀಟರಿನ ಇನ್ನೂ ಸಣ್ಣ ಜಾತಿಗಳೂ ಇವೆ. ‘ಎಚ್‌ಓ’ ಮಾದರಿಯು ನಿಜವಾದ ಬಂಡಿಯ 87ರಲ್ಲಿ ಒಂದು ಪಾಲು. ಈ ಲೆಕ್ಕದಿಂದ ಒಂದು ಸ್ವಾರಸ್ಯ ಹೊರಡುತ್ತದೆ. ನಮ್ಮ ಘಟಪ್ರಭಾ ನಿಲ್ದಾಣದ ಹಳೆಯ ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಸುಮಾರು 11.5 ಮಿಲಿಮೀಟರು ಬರುತ್ತದೆ. ಈಗಿನ ಬ್ರಾಡ್ ಗೇಜನ್ನು ಭಾಗಿಸಿದರೆ 19 ಮಿಲಿಮೀಟರಿಗೂ ಮೇಲೆ. 16.5 ಮಿಲಿಮೀಟರಿನ ಹಳಿಯು ಯುರೋಪಿನ 1,435 ಮಿಲಿಮೀಟರಿನ ಮಾರ್ಗಕ್ಕೆ ಹೊಂದುವಂಥದು. ಆದುದರಿಂದ ಪೇಟೆಯಲ್ಲಿ ಸಿಗುವ ಸಾಮಾನ್ಯ ಮಾದರಿಯಲ್ಲಿ ನಮ್ಮ ಊರಿನ ಬಂಡಿಯನ್ನು ಅಳತೆಗೆ ಸರಿಯಾಗಿ ಓಡಿಸಬೇಕೆನ್ನುವವರು ಹಳಿಯಿಂದಲೇ ಕೆಲಸ ತೊಡಗಬೇಕಾಗುತ್ತದೆ.

ಎರಡನೆಯ ಗುರುತು ಚಾಲಕಶಕ್ತಿ. ಕೀಲಿ ಕೊಡುವ ತೂತಿದ್ದರೆ ಅದು ಕಮಾನಿನ ಎಂಜಿನು. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿಯವರ ಕಂಪನಿಯು 1920ರಲ್ಲಿ ಹೊರತಂದ ಮೊದಲ ಬಂಡಿಗಳು ಈ ಬಗೆಯವು. ಗಾಲಿಗಳಿಂದ ಒಳಗೆ ತಂತಿ ಹೋಗಿದ್ದರೆ, ಇಲ್ಲವೆ ಹೊಟ್ಟೆಯ ಕೆಳಗೆ ಹಳಿಗೆ ತಾಗುವ ಲೋಹದ ನಾಲಗೆಯಿದ್ದರೆ, ಅದು ವಿದ್ಯುತ್ತಿನದು. ಹಿತ್ತಾಳೆಯ ಬಾಯ್ಲರು, ಕೆಳಗೆ ಸ್ಪಿರಿಟ್ ದೀಪ ಇದ್ದರೆ ಅದು ನಿಜವಾದ ಉಗಿಯಿಂದಲೇ ಓಡುವಂಥದು. ಈ ಮೂರಕ್ಕೂ ವೈದ್ಯ ಬೇರೆ ಬೇರೆ.

ಕಮಾನಿನ ಎಂಜಿನು

ಕಮಾನಿನ ಎಂಜಿನು ಗೋಡೆ ಗಡಿಯಾರದ ತಮ್ಮನಿದ್ದಂತೆ. ಉಕ್ಕಿನ ಪಟ್ಟಿಯೊಂದು ಸುರುಳಿಯಾಗಿ ಸುತ್ತಿಕೊಂಡು ಶಕ್ತಿಯನ್ನು ಹಿಡಿದಿಟ್ಟು, ಹಲ್ಲುಗಾಲಿಗಳ ಮೂಲಕ ನಿಧಾನವಾಗಿ ಅದನ್ನು ಬಿಡುತ್ತದೆ. ಇಲ್ಲಿ ಮೊದಲನೆಯ ನಿಯಮ ಒಂದೇ: ಕೀಲಿ ಕೊಟ್ಟಿರುವಾಗ ಯಂತ್ರದ ಪಕ್ಕದ ತಗಡುಗಳನ್ನು ಎಂದೂ ಬಿಚ್ಚಬಾರದು. ಎಂಜಿನನ್ನು ಕೈಯಲ್ಲಿ ಎತ್ತಿ ಹಿಡಿದು ಗಾಲಿಗಳನ್ನು ತಿರುಗಲು ಬಿಟ್ಟು ಕಮಾನು ಪೂರ್ತಿ ಸಡಿಲಾದ ಮೇಲೆಯೇ ಸ್ಕ್ರೂಗೆ ಕೈ ಹಾಕಬೇಕು. ಬಿಗಿದ ಕಮಾನು ಬಿಚ್ಚಿಕೊಂಡರೆ ಬೆರಳು ಸೀಳುತ್ತದೆ, ಕಣ್ಣಿಗೂ ಅಪಾಯ.

ಎಂಜಿನು ತಡೆದು ತಡೆದು ಓಡಿದರೆ, ಇಲ್ಲವೆ ಓಡದಿದ್ದರೆ, ಬಹುತೇಕ ಹಳೆಯ ಎಣ್ಣೆಯದೇ ತಪ್ಪು. ಮನೆಯಲ್ಲಿ ಸಿಕ್ಕಿದ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಹಿಂದೆ ಯಾರಾದರೂ ಹಾಕಿದ್ದರೆ ಅದು ಗಾಳಿಯೊಡನೆ ಕೂಡಿ ಅಂಟಾಗಿ, ಕೊನೆಗೆ ಮೇಣದಂತೆ ಗಟ್ಟಿಯಾಗಿರುತ್ತದೆ. ಅಡಿಗೆಯ ಎಣ್ಣೆ ಯಂತ್ರಕ್ಕೆ ಔಷಧವಲ್ಲ, ವಿಷ. ಯಂತ್ರವನ್ನು ಮೇಲಿನ ತಗಡಿನ ಕವಚದಿಂದ ಬೇರ್ಪಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಕುಂಚದಿಂದ ಹಲ್ಲುಗಾಲಿಗಳನ್ನು ತೊಳೆದು, ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಬೇಕು. ಸೀಮೆಎಣ್ಣೆ ಬಣ್ಣದ ತಗಡಿಗೆ ತಗುಲದಿರಲಿ. ಹತ್ತಿರ ದೀಪ, ಒಲೆ ಇರದಿರಲಿ. ಒಣಗಿದ ಮೇಲೆ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಸೂಜಿಯ ತುದಿಯಿಂದ ಎತ್ತಿ, ಅಚ್ಚುಗಳು ತಗಡಿನಲ್ಲಿ ತಿರುಗುವ ಒಂದೊಂದು ತೂತಿಗೆ ಒಂದೊಂದು ಹನಿ ಮುಟ್ಟಿಸಿದರೆ ಸಾಕು. ಕಮಾನಿಗೆ ಮಾತ್ರ ತೆಳುವಾಗಿ ಕೀಲೆಣ್ಣೆ ಸವರಬೇಕು. ಎಣ್ಣೆ ಹೆಚ್ಚಾದಷ್ಟು ಧೂಳು ಹೆಚ್ಚು. ಧೂಳೂ ಎಣ್ಣೆಯೂ ಕೂಡಿದರೆ ಅದೇ ಉಜ್ಜುವ ಮಸಿಯಾಗಿ ಹಲ್ಲುಗಳನ್ನು ತಿನ್ನುತ್ತದೆ.

ಕೀಲಿ ತಿರುಗಿಸಿದಷ್ಟೂ ತಿರುಗುತ್ತ ಬಿಗಿಯಾಗದಿದ್ದರೆ ಎರಡು ಕಾರಣಗಳಿರಬಹುದು: ಕಮಾನಿನ ಒಳತುದಿ ನಡುಗಂಬದ ಕೊಕ್ಕೆಯಿಂದ ತಪ್ಪಿರಬೇಕು, ಇಲ್ಲವೆ ಹಿಂದಕ್ಕೆ ತಿರುಗದಂತೆ ತಡೆಯುವ ಸಣ್ಣ ಕೊಂಡಿ ಸವೆದಿರಬೇಕು. ಟಪ್ಪೆಂದು ಸದ್ದಾಗಿ ಒಮ್ಮೆಲೆ ಸಡಿಲಾಗಿದ್ದರೆ ಕಮಾನೇ ಮುರಿದಿದೆ. ಹೊರತುದಿಯಲ್ಲಿ ಮುರಿದಿದ್ದರೆ ಆ ತುದಿಯಷ್ಟನ್ನೇ ಕಾಯಿಸಿ ಮೆದುಗೊಳಿಸಿ, ಹೊಸ ತೂತು ಕೊರೆದು ಮತ್ತೆ ಸಿಕ್ಕಿಸಬಹುದು. ನಡುವೆ ಮುರಿದಿದ್ದರೆ ಬೆಸುಗೆ ಹಾಕುವುದು ವ್ಯರ್ಥ. ಬೆಸುಗೆಯ ಕಾವಿಗೆ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಅಂಥ ಕೆಲಸ ಗಡಿಯಾರ ರಿಪೇರಿ ಮಾಡುವವರಿಗೆ ಸೇರಿದ್ದು. ಎಂಜಿನನ್ನು ಎತ್ತಿಡುವಾಗ ಕಮಾನನ್ನು ಸಡಿಲಾಗಿಯೇ ಇಡಬೇಕೆಂಬುದನ್ನೂ ಮರೆಯಬಾರದು.

ವಿದ್ಯುತ್ತಿನ ಎಂಜಿನು

ವಿದ್ಯುತ್ತಿನ ಎಂಜಿನಿನ ಮಾತಿಗೆ ಬಂದರೆ ಮೊದಲು ಪ್ರಾಣದ ಮಾತು. 1969ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ ಮೇಲೆ ಆ ಭಾಗದ ಹಳ್ಳಿಗಳಲ್ಲೂ ವಿದ್ಯುತ್ತು ಮನೆಮಾತಾಯಿತು. ಮನೆಯ ಗೋಡೆಯ ವಿದ್ಯುತ್ತು 230 ವೋಲ್ಟು, ದಿಕ್ಕು ಬದಲಿಸುತ್ತಿರುವ ಪ್ರವಾಹ. ಆಟಿಗೆಯ ಎಂಜಿನು ಸಾಮಾನ್ಯವಾಗಿ ಕೇಳುವುದು 12 ವೋಲ್ಟಿನ, ಒಂದೇ ದಿಕ್ಕಿನ ಪ್ರವಾಹ. ಇವೆರಡನ್ನೂ ಎಂದೂ ನೇರವಾಗಿ ಕೂಡಿಸಬಾರದು. 1925ರ ಸುಮಾರಿನ ಕೆಲವು ಹಾರ್ನ್‌ಬಿ ಬಂಡಿಗಳನ್ನು ದೊಡ್ಡದೊಂದು ಬಲ್ಬಿನ ಮೂಲಕ ಮನೆಯ ವಿದ್ಯುತ್ತಿನಿಂದಲೇ ಓಡಿಸುವಂತೆ ಮಾಡಿದ್ದರು. ಅಂಥದು ಸಿಕ್ಕರೆ ಕಪಾಟಿನಲ್ಲಿ ಇಟ್ಟು ನೋಡುವುದೇ ಕ್ಷೇಮ; ಮುಟ್ಟಿದ ಹಳಿಯೇ ಪ್ರಾಣಕ್ಕೆ ಎರವಾಗಬಹುದು. ಹಳೆಯ ಟ್ರಾನ್ಸ್‌ಫಾರ್ಮರಿನ ತಂತಿಯ ರಬ್ಬರು ಬಿರಿದಿದ್ದರೆ ಅದನ್ನೂ ಬಳಸಬಾರದು. ಮ್ಯಾರ್ಕ್ಲಿನ್ ಎಂಬ ಜರ್ಮನ್ ಕಂಪನಿಯ ಹಳೆಯ ಎಂಜಿನುಗಳು ಮಾತ್ರ ಸುಮಾರು 16 ವೋಲ್ಟಿನ, ದಿಕ್ಕು ಬದಲಿಸುವ ಪ್ರವಾಹದಿಂದ ಓಡುವಂಥವು. ಆ ಪ್ರವಾಹವನ್ನು 12 ವೋಲ್ಟಿನ ಸಾಮಾನ್ಯ ಎಂಜಿನಿಗೆ ಕೊಟ್ಟರೆ ಅದು ಗುಂಯ್‌ಗುಡುತ್ತ ಕಾಯುವುದೇ ಹೊರತು ಓಡುವುದಿಲ್ಲ.

ಪರೀಕ್ಷೆಗೆ ರೇಡಿಯೋ ಇರುವ ಮನೆಯಲ್ಲಿಯೇ ಸಾಧನವಿದೆ. ಸಣ್ಣ ಟ್ರಾನ್ಸಿಸ್ಟರಿಗೆ ಹಾಕುವ 9 ವೋಲ್ಟಿನ ಚೌಕ ಬ್ಯಾಟರಿಯಿಂದ ಎರಡು ತಂತಿ ತೆಗೆದು, ಎಂಜಿನಿನ ಎಡಬದಿಯ ಗಾಲಿಗೊಂದು, ಬಲಬದಿಯ ಗಾಲಿಗೊಂದು ಕ್ಷಣಕಾಲ ಮುಟ್ಟಿಸಬೇಕು. ಮೂರು ಹಳಿಯ ಪದ್ಧತಿಯ ಎಂಜಿನಾದರೆ ಒಂದು ತಂತಿ ಹೊಟ್ಟೆಯ ನಾಲಗೆಗೆ, ಇನ್ನೊಂದು ಗಾಲಿಗೆ. ಮೋಟಾರು ತಿರುಗಿದರೆ ದೋಷ ಎಂಜಿನಿನದಲ್ಲ. ಹಳಿಯದೋ ಪೆಟ್ಟಿಗೆಯದೋ ಆಗಿರಬೇಕು. ತಿರುಗದಿದ್ದರೆ ತಂತಿಗಳನ್ನು ಮೋಟಾರಿನ ಎರಡು ಬ್ರಷ್ಷುಗಳಿಗೇ ಮುಟ್ಟಿಸಿ ನೋಡಬೇಕು. ಈಗ ತಿರುಗಿದರೆ ವಿದ್ಯುತ್ತು ಗಾಲಿಯಿಂದ ಮೋಟಾರಿಗೆ ಬರುವ ದಾರಿಯಲ್ಲಿ ಎಲ್ಲಿಯೋ ಮಣ್ಣು ಕೂತಿದೆಯೆಂದು ತಿಳಿಯಬೇಕು. ಆಗಲೂ ತಿರುಗದಿದ್ದರೆ ಮಾತ್ರ ಮೋಟಾರನ್ನು ನೋಡತಕ್ಕದ್ದು. ಹೀಗೆ ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಹೋದರೆ ಬಿಚ್ಚಬೇಕಾದ ಸ್ಕ್ರೂಗಳ ಸಂಖ್ಯೆ ಕಡಿಮೆಯಾಗುತ್ತದೆ.

ಗಾಲಿ, ಹಳಿಗಳ ಮೇಲಿನ ಕಪ್ಪು ಪೊರೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮರಳು ಕಾಗದದಿಂದ ತಿಕ್ಕಿದರೆ ಆ ಹೊತ್ತಿಗೆ ಥಳಥಳಿಸುತ್ತದೆ, ನಿಜ. ಆದರೆ ಗೀರುಗಳಲ್ಲಿ ಮಣ್ಣು ಇನ್ನಷ್ಟು ಬೇಗ ನೆಲೆಸುತ್ತದೆ. ಮೋಟಾರಿನೊಳಗೆ ಒಂದು ಅಯಸ್ಕಾಂತ, ಅದರ ನಡುವೆ ತಿರುಗುವ ತಂತಿಸುತ್ತಿನ ಗುಂಡು, ಆ ಗುಂಡಿನ ತುದಿಯಲ್ಲಿ ಮೂರು ತುಂಡು ತಾಮ್ರದ ಬಳೆ, ಅದಕ್ಕೆ ಎರಡು ಕಡೆಯಿಂದ ಒತ್ತಿಕೊಂಡ ಇಂಗಾಲದ ಬ್ರಷ್ಷುಗಳು ಇರುತ್ತವೆ. ತಾಮ್ರದ ಬಳೆಯನ್ನು ಕಮ್ಯುಟೇಟರ್ ಎನ್ನುತ್ತಾರೆ. ಪ್ರವಾಹವನ್ನು ಸುತ್ತಿನಿಂದ ಸುತ್ತಿಗೆ ಸರದಿಯ ಮೇಲೆ ಹಂಚುವುದು ಅದರ ಕೆಲಸ. ಬ್ರಷ್ಷು ಸವೆದ ಇಂಗಾಲದ ಪುಡಿ ಮೂರು ತುಂಡುಗಳ ನಡುವಿನ ಸಂದಿಯಲ್ಲಿ ತುಂಬಿಕೊಂಡರೆ ಒಂದು ತುಂಡಿನ ಪ್ರವಾಹ ಇನ್ನೊಂದಕ್ಕೆ ಹಾರಿ, ಎಂಜಿನು ಕಾದು, ಕಿಡಿ ಕಾರಿ ನಿಲ್ಲುತ್ತದೆ. ಸ್ಪಿರಿಟ್ಟಿನ ಹತ್ತಿಯಿಂದ ಬಳೆಯನ್ನು ಒರೆಸಿ, ಚೂಪಾದ ಮರದ ಕಡ್ಡಿಯಿಂದ ಮೂರು ಸಂದಿಗಳನ್ನೂ ಕೆರೆದರೆ ಸತ್ತ ಎಂಜಿನು ಎಷ್ಟೋ ಸಲ ಎದ್ದು ಓಡುತ್ತದೆ. ಬಳೆಗೆ ಮಾತ್ರ ಎಣ್ಣೆ ತಾಗಿಸಬಾರದು.

ಇಷ್ಟಾದರೂ ಓಡದಿದ್ದರೆ ಊರಿನ ರೇಡಿಯೋ ರಿಪೇರಿಯವರ ಬಳಿ ಇರುವ ಮೀಟರು ನೆರವಿಗೆ ಬರುತ್ತದೆ. ಬ್ರಷ್ಷುಗಳನ್ನು ತೆಗೆದು, ತಾಮ್ರದ ಮೂರು ತುಂಡುಗಳನ್ನು ಎರಡೆರಡಾಗಿ ಹಿಡಿದು ಮೂರು ಸಲ ತಡೆಯನ್ನು ಅಳೆಯಬೇಕು. ಮೂರೂ ಲೆಕ್ಕ ಸಮನಾಗಿದ್ದರೆ ಸುತ್ತುಗಳು ಸರಿಯಾಗಿವೆ. ಒಂದು ಲೆಕ್ಕ ಉಳಿದೆರಡರ ಇಮ್ಮಡಿಯಾಗಿದ್ದರೆ ಆ ಎರಡು ತುಂಡುಗಳ ನಡುವಿನ ಸುತ್ತಿನಲ್ಲಿ ತಂತಿ ಕಡಿದಿದೆ. ಎಷ್ಟೋ ವೇಳೆ ಅದು ತಾಮ್ರದ ಬಳೆಗೆ ಬೆಸೆದ ಜಾಗದಲ್ಲಿಯೇ ಬಿಟ್ಟಿರುತ್ತದೆ. ಅಕ್ಕಸಾಲಿಗನ ಕೈಹದವುಳ್ಳವರು ಒಂದು ಸಾಸಿವೆಯಷ್ಟು ಬೆಸುಗೆಯಿಂದ ಅದನ್ನು ಸರಿಪಡಿಸಬಲ್ಲರು.

ಎಲ್ಲವೂ ಸರಿಯಿದ್ದು, ಎಂಜಿನು ಬೇಗ ಕಾದು ಮೆಲ್ಲಗೆ ಓಡಿದರೆ ಅಯಸ್ಕಾಂತದ ಬಲ ಕುಂದಿರಬೇಕು. ಹಳೆಯ ಅಯಸ್ಕಾಂತಗಳಿಗೆ ಒಂದು ದೌರ್ಬಲ್ಯವುಂಟು: ನಡುವಿನ ಗುಂಡನ್ನು ಹೊರಗೆ ತೆಗೆದರೆ ಅವುಗಳ ಶಕ್ತಿ ಇಳಿಯುತ್ತದೆ. ಆದುದರಿಂದ ಕಾರಣವಿಲ್ಲದೆ ಗುಂಡನ್ನು ತೆಗೆಯಬಾರದು. ತೆಗೆಯಲೇಬೇಕಾದರೆ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಆಗಲೇ ಒಂದು ಕಬ್ಬಿಣದ ತುಂಡನ್ನು ಸೇತುವೆಯಂತೆ ಇಡಬೇಕು.

ಉಗಿಯ ಎಂಜಿನು

ನಿಜವಾದ ಉಗಿಯಿಂದ ಓಡುವ ಪುಟ್ಟ ಎಂಜಿನು ಆಟಿಗೆಯಂತೆ ಕಂಡರೂ ಆಟಿಗೆಯಲ್ಲ. ಒತ್ತಡದ ಉಗಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಪಾತ್ರೆ ಅದು. ದೊಡ್ಡ ಎಂಜಿನಿನ ಬಾಯ್ಲರಿನಲ್ಲಿ ನೀರು ತೀರ ಇಳಿದರೆ ಒಲೆಯ ನೆತ್ತಿಯಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ಒಲೆಯೊಳಗೆ ನುಗ್ಗಿ ಚಾಲಕನಿಗೆ ಎಚ್ಚರಿಕೆ ಕೊಡುವ ಏರ್ಪಾಡಿರುತ್ತಿತ್ತು. ಪುಟ್ಟ ಎಂಜಿನಿನಲ್ಲಿ ಆ ಕಾವಲುಗಾರ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ಹೆಚ್ಚಾದ ಉಗಿಯನ್ನು ಹೊರಬಿಡುವ ಒಂದು ಸಣ್ಣ ಕವಾಟ ಮಾತ್ರ. ಹತ್ತಾರು ವರ್ಷ ಬಿದ್ದಿದ್ದ ಎಂಜಿನಿನಲ್ಲಿ ಆ ಕವಾಟವೇ ಅಂಟಿ ಕೂತಿರುತ್ತದೆ. ಆದುದರಿಂದ ದೀಪ ಹೊತ್ತಿಸುವ ಮುನ್ನ ಕವಾಟ ಸಡಿಲಾಗಿ ಮೇಲೆ ಕೆಳಗೆ ಆಡುತ್ತದೆಯೇ ಎಂದು ನೋಡಬೇಕು.

ಬಾಯ್ಲರು ಗಟ್ಟಿಯಾಗಿದೆಯೇ ಎಂಬುದನ್ನು ಉಗಿಯಿಂದ ಪರೀಕ್ಷಿಸಬಾರದು, ತಣ್ಣೀರಿನಿಂದ ಪರೀಕ್ಷಿಸಬೇಕು. ಒಳಗೆ ಗಾಳಿಯಿಲ್ಲದಂತೆ ನೀರು ತುಂಬಿ, ಸಣ್ಣ ಪಂಪಿನಿಂದ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುವುದು ಬಲ್ಲವರ ಪದ್ಧತಿ. ನೀರು ಹಿಗ್ಗುವ ವಸ್ತುವಲ್ಲವಾದ್ದರಿಂದ ಬಾಯ್ಲರು ಬಿರಿದರೆ ಒಂದು ಹನಿ ಜಿನುಗಿ ಒತ್ತಡ ಇಳಿಯುತ್ತದೆ, ಉಗಿಯಾದರೆ ಸಿಡಿಯುತ್ತದೆ. ಈ ಪರೀಕ್ಷೆಯನ್ನೂ, ಬಾಯ್ಲರಿನ ಬೆಸುಗೆಯನ್ನೂ ಮನೆಯಲ್ಲಿ ಮಾಡಹೋಗಬಾರದು. ಪರೀಕ್ಷೆಯಾಗದ ಬಾಯ್ಲರಿಗೆ ದೀಪ ಹಚ್ಚಬಾರದು. ಕೊಳವೆ ಬಾವಿಯ ಗಡಸು ನೀರಿನ ಬದಲು ಸೋಸಿದ ಮಳೆಯ ನೀರನ್ನು ಹಾಕಿದರೆ ಒಳಗೆ ಸುಣ್ಣದ ಪೊರೆ ಕಟ್ಟುವುದಿಲ್ಲ.

ಬಣ್ಣದ ಮಾತು

ಗೋಕಾಕದ ಬಣ್ಣದ ಮರದ ಆಟಿಗೆಗಳನ್ನು, ನಿಜದ ಹಣ್ಣೆಂದೇ ಭ್ರಮೆ ಹುಟ್ಟಿಸುವ ಅಲ್ಲಿಯ ಹಣ್ಣುಗಳ ಮಾದರಿಗಳನ್ನು ನೋಡಿದವರಿಗೆ ಆಟಿಗೆಯ ಜೀವವೆಲ್ಲ ಬಣ್ಣದಲ್ಲಿದೆಯೆಂಬುದನ್ನು ಹೇಳಬೇಕಾಗಿಲ್ಲ. ಹಳೆಯ ಎಂಜಿನಿಗೂ ಈ ಮಾತು ಸಲ್ಲುತ್ತದೆ. ಅಲ್ಲಲ್ಲಿ ಉದುರಿದ್ದರೂ ಮೂಲದ ಬಣ್ಣ ಮೂಲದ್ದೇ. ಅದರ ಮೇಲೆ ಪೇಟೆಯ ಎನಾಮಲ್ ಬಳಿದರೆ ಎಂಜಿನು ಹೊಸದಾಗುವುದಿಲ್ಲ; ಅದರ ವಯಸ್ಸು ಸುಳ್ಳಾಗುತ್ತದೆ, ಬೆಲೆಯೂ ಬೀಳುತ್ತದೆ. ಉಗುರುಬೆಚ್ಚನೆಯ ನೀರಿಗೆ ಚೂರು ಮೆತ್ತನೆಯ ಸಾಬೂನು ಕೂಡಿಸಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒರೆಸಿ ನೋಡಿ, ಬಣ್ಣ ಬಿಡದಿದ್ದರೆ ಉಳಿದ ಭಾಗವನ್ನು ಒರೆಸಬೇಕು. ಹೆಸರು, ಅಂಕಿಗಳ ಮೇಲೆ ತಿಕ್ಕಲೇಬಾರದು. ಇನ್ನೊಂದು ಎಚ್ಚರಿಕೆ: ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯ. ಅದನ್ನು ಉಜ್ಜಿ ಪುಡಿ ಎಬ್ಬಿಸಬಾರದು. ಎಂಜಿನು ಬಾಯಿಗೆ ಹಾಕಿಕೊಳ್ಳುವ ಕೂಸುಗಳ ಕೈಗೆ ಸಿಗಬಾರದು.

ಎರಕದ ಕೆಲವು ಎಂಜಿನುಗಳಿಗೆ ವಾಸಿಯಾಗದ ರೋಗವೊಂದುಂಟು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುವಾಗ ಸೀಸ ಒಂದಿಷ್ಟು ಬೆರೆತಿದ್ದರೆ, ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆ ಕಿಲುಬು ಹಬ್ಬಿ ಎಂಜಿನಿನ ಮೈ ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಹೆಂಟೆಯಂತೆ ಪುಡಿಯಾಗುತ್ತದೆ. ತೇವವು ಇದಕ್ಕೆ ಇಂಬು ಕೊಡುತ್ತದೆ. ಬಿರಿದ ಭಾಗವನ್ನು ತೆಗೆದು ಬೇರೆಯದನ್ನು ಕೂಡಿಸುವುದಷ್ಟೇ ದಾರಿ. ಅಂಥ ಎಂಜಿನಿನಲ್ಲಿ ಬಿಗಿಯಾದ ಸ್ಕ್ರೂವನ್ನು ಬಲದಿಂದ ತಿರುಗಿಸಿದರೆ ಕೈಯಲ್ಲಿ ಚೂರುಗಳೇ ಉಳಿಯುತ್ತವೆ.

ಕೊನೆಯ ಮಾತು

ಮೇಲಿನ ಎಲ್ಲ ಕೆಲಸಕ್ಕೂ ಒಂದೇ ಶಿಸ್ತು. ಬಿಳಿಯ ಬಟ್ಟೆ ಹಾಸಿ ಕೂಡಬೇಕು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿಡಬೇಕು. ಫೋನಿನಿಂದ ಹೆಜ್ಜೆಹೆಜ್ಜೆಗೂ ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬದಲಿಸಿದ ಹಳೆಯ ಭಾಗವನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ, ಏನು ಬದಲಿಸಿದಿರಿ, ಯಾವ ವರ್ಷ ಬದಲಿಸಿದಿರಿ ಎಂದು ಚೀಟಿ ಬರೆದಿಡಬೇಕು. ಮುಂದೆ ಬಿಚ್ಚುವವನಿಗೆ ಆ ಚೀಟಿಯೇ ಗುರು.

1885ರಲ್ಲಿ ತೊಡಗಿದ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯು ಹಲವು ತಲೆಮಾರುಗಳ ಕೆಲಸಗಾರರಿಗೆ ಅನ್ನ ಕೊಟ್ಟದ್ದಲ್ಲದೆ ವಿದ್ಯೆಯನ್ನೂ ಕೊಟ್ಟಿತು. ನಮ್ಮ ಪೇಟೆಗಳಲ್ಲಿಯೂ ಗಡಿಯಾರ ರಿಪೇರಿಯವರು, ಹೊಲಿಗೆ ಯಂತ್ರದವರು, ರೇಡಿಯೋದವರು, ಪತ್ತಾರರು ಅದೇ ಬಗೆಯ ಸೂಕ್ಷ್ಮ ವಿದ್ಯೆಯನ್ನು ಸಣ್ಣ ಅಂಗಡಿಗಳಲ್ಲಿ ಕಾಪಾಡಿಕೊಂಡು ಬಂದವರು. ಕೆಟ್ಟದ್ದನ್ನು ಎಸೆದು ಹೊಸತನ್ನು ಕೊಳ್ಳುವ ರೂಢಿ ಬಲಿತಂತೆ ಅವರ ಬಾಗಿಲಿಗೆ ಹೋಗುವವರು ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲಿ ಹಳೆಯ ಎಂಜಿನೊಂದಿದ್ದರೆ ಹತ್ತು ಹನ್ನೆರಡು ವರ್ಷದ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಅವರಲ್ಲಿಗೆ ಹೋಗಿರಿ. ಬಿಚ್ಚುವುದನ್ನು ಮಕ್ಕಳು ಕಣ್ಣಾರೆ ನೋಡಲಿ; ಎಣ್ಣೆಯ ಒಂದು ಹನಿಯನ್ನು ತಮ್ಮ ಕೈಯಿಂದಲೇ ಇಡಲಿ. ಹಳಿಯ ಮೇಲೆ ಎಂಜಿನು ಒಂದು ಸುತ್ತು ಓಡಿದರೆ ಸಂತೋಷವೇ. ಓಡದಿದ್ದರೂ ಅದು ಏಕೆ ಓಡುವುದಿಲ್ಲವೆಂಬುದನ್ನು ಮನೆಯ ಮಗುವೊಂದು ತಿಳಿದುಕೊಂಡಿತಲ್ಲ, ಆ ಲಾಭವೇನೂ ಸಣ್ಣದಲ್ಲ.